ನೂರಹನ್ನೆರಡೋ ನೂರಹದಿನಾರೋ

ಪಶುವೈದ್ಯರ ಪುಸ್ತಕ ಇಣುಕಿಯ ಕಂಪ್ಯೂಟರಿನಲ್ಲಿ ನೂರಹನ್ನೆರಡು ಪುಟವಿತ್ತು. ಅದೇ ಪುಸ್ತಕ, ಅದೇ ಫೈಲು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ, ಅತ್ತಿಗೆಯ ಕಂಪ್ಯೂಟರಿಗೆ ಹೋದ ಕೂಡಲೇ ನೂರಹದಿನಾರಾಗುತ್ತಿತ್ತು. ಅಲ್ಲಿಂದ ತಿರುಗಿ ಬಂದರೆ ಮತ್ತೆ ನೂರಹನ್ನೆರಡು. ತವರಿಗೆ ಹೋಗಿ ಮೈಕೈ ತುಂಬಿಕೊಂಡು, ಗಂಡನ ಮನೆಗೆ ಬಂದ ವಾರದಲ್ಲೇ ಸೊರಗುವ ಹೆಣ್ಣುಮಗಳ ಹಾಗೆ ಆ ಪುಸ್ತಕ ಎರಡು ಊರಿನ ನಡುವೆ ಉಬ್ಬುತ್ತಾ ಇಳಿಯುತ್ತಾ ಓಡಾಡುತ್ತಿತ್ತು.

ಇನ್ನೊಬ್ಬರಾಗಿದ್ದರೆ ತಲೆ ಚಚ್ಚಿಕೊಂಡು ಬೇರೆ ದಾರಿ ನೋಡುತ್ತಿದ್ದರು. ಇಣುಕಿಗೆ ಮಾತ್ರ ಒಳಗೊಳಗೇ ಖುಷಿಯಾಯಿತು. ಮನೆಯವರೆಲ್ಲ ಅವಳನ್ನು ಇಣುಕಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ತೆರೆದ ಬಾಗಿಲಿರಲಿ, ಮುಚ್ಚಿದ ಪಾತ್ರೆಯಿರಲಿ, ಇಣುಕದೆ ಮುಂದೆ ಹೋದವಳಲ್ಲ. ಚಿಕ್ಕವಳಿದ್ದಾಗ ತನ್ನದೇ ಬಿದ್ದ ಹಲ್ಲನ್ನು ಕಲ್ಲಿನಿಂದ ಒಡೆದು ಒಳಗೇನಿದೆ ಎಂದು ನೋಡಿದ್ದಳು. ಈಗ ನಲವತ್ತರ ಹತ್ತಿರ ಬಂದು, ತವರಿನಿಂದ ಎರಡು ಊರಾಚೆ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದು, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಸ್ತಕಗಳ ಪುಟ ಕಟ್ಟಿಕೊಂಡಿದ್ದಳು. ಗುಣವೇನೂ ಬದಲಾಗಿರಲಿಲ್ಲ.

ಅತ್ತಿಗೆಯ ಜೊತೆ ಸೇರಿ ಮಾಡುತ್ತಿದ್ದ ಮೊದಲ ಪುಸ್ತಕ ಅದು, ಕೆಲಸ ಹಂಚಿಕೊಂಡಿದ್ದ ಬಗೆ ಹೀಗೆ. ಇಣುಕಿ ಪುಟ ಕಟ್ಟುವುದು. ಅಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಮಾಡುವ ಅತ್ತಿಗೆ ಅದನ್ನು ತೆರೆದು ಚಿತ್ರ ಕೂರಿಸಿ, ಕೊನೆಯಲ್ಲಿ ವಿಷಯಸೂಚಿ ಹಾಕುವುದು. ಆಮೇಲೆ ಅಣ್ಣನ ಪ್ರೆಸ್ಸಿಗೆ. ಪಶುವೈದ್ಯರು ಪ್ರಾಣಿಸಂಗ್ರಹಾಲಯದಲ್ಲಿ ಇಡೀ ಆಯುಷ್ಯ ಕಳೆದವರು. ತಾವು ಮದ್ದು ಕೊಟ್ಟ ಪ್ರಾಣಿಗಳ ಕಥೆ ಬರೆದಿದ್ದರು. ವಿಷಯಸೂಚಿಯಲ್ಲಿ 'ಒಂಟೆಯ ಹಲ್ಲುನೋವು, ಪುಟ 61' ಎಂದಿದ್ದರೆ ಅರವತ್ತೊಂದರಲ್ಲಿ ಒಂಟೆಯೇ ಬಾಯಿ ತೆರೆದು ನಿಂತಿರಬೇಕು. ಅತ್ತಿಗೆಯ ಕಡೆ ಆ ಪುಟ ತೆರೆದರೆ ಆಮೆಗೆ ಎನಿಮಾ ಕೊಡುತ್ತಿದ್ದರು.

"ನೀವೇನಾದ್ರೂ ಸೇರಿಸಿದ್ರಾ ಅತ್ತಿಗೆ?" ಇಣುಕಿ ಫೋನಿನಲ್ಲಿ ಕೇಳಿದಳು.

"ನಾನ್ಯಾಕೆ ಸೇರಿಸ್ಲಿ? ಡಾಕ್ಟ್ರು ಬರೆದಿರೋದೇ ಸಾಲದಾ?"

"ಹಾಗಾದ್ರೆ ನಾಲ್ಕು ಪುಟ ಎಲ್ಲಿಂದ ಬಂತು?"

"ಎಲ್ಲಿಂದಾದ್ರೂ ಬರ್ಲಿ ಬಿಡೇ. ನಿನ್ನ ಕೆಲಸ ಮುಗಿಸಿ ಕಳ್ಸು, ಪುಟ ನಾನೇ ಸರಿ ಮಾಡ್ಕೋತೀನಿ."

'ಬಿಡು' ಎಂಬ ಮಾತು ಇಣುಕಿಯ ಕಿವಿಗೆ ಬಿದ್ದರೆ ಮುಗಿಯಿತು, ಅವಳು ಹಿಡಿದದ್ದನ್ನು ಬಿಡುವವಳಲ್ಲ. ಅಂಚು ನೋಡಿದಳು, ಸಾಲಿನ ಅಂತರ ನೋಡಿದಳು, ಅಕ್ಷರದ ಗಾತ್ರ ನೋಡಿದಳು, ಚಿತ್ರಗಳನ್ನು ಅಳೆದಳು. ಎಲ್ಲವೂ ಎರಡೂ ಕಡೆ ಒಂದೇ. ಕೊನೆಗೆ ಅತ್ತಿಗೆಯಿಂದ ಒಂದು ಪುಟದ ಫೋಟೋ ತರಿಸಿ, ತನ್ನದೇ ಪುಟದ ಪಕ್ಕದಲ್ಲಿಟ್ಟಳು. ಅವಳ ಕಡೆ ಒಂದೇ ಸಾಲಿನಲ್ಲಿ ಹಿಡಿಸುತ್ತಿದ್ದ ಮಾತು ಅತ್ತಿಗೆಯ ಕಡೆ ಕೊನೆಯ ಪದವನ್ನು ಕೆಳಗೆ ತಳ್ಳುತ್ತಿತ್ತು. ಹೀಗೆ ಒಂದೊಂದು ಪದ ಕೆಳಗೆ ಬೀಳುತ್ತಾ ಬೀಳುತ್ತಾ ನಾಲ್ಕು ಪುಟವಾಗಿತ್ತು.

ಅಂದರೆ ದೋಷ ಫಾಂಟಿನದು.

ಪುಟ ಕಟ್ಟುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಫೈಲಿನ ಜೊತೆ ಅಕ್ಷರದ ರೂಪ ಹೋಗುವುದಿಲ್ಲ. ಇಂಥ ಫಾಂಟಿನಲ್ಲಿ ಇಂಥ ಮಾತು ಎಂಬ ಸೂಚನೆ ಮಾತ್ರ ಹೋಗುತ್ತದೆ. ಆ ಫಾಂಟು ಆಚೆಯ ಕಂಪ್ಯೂಟರಿನಲ್ಲೂ ಇರಬೇಕು. ಇಲ್ಲದಿದ್ದರೆ ಅದು ತನಗೆ ತೋಚಿದ್ದೊಂದನ್ನು ಹಾಕಿ ಕೈತೊಳೆದುಕೊಳ್ಳುತ್ತದೆ. ಆದರೆ ಇಲ್ಲಿ ಎರಡೂ ಕಡೆ ಒಂದೇ ಫಾಂಟು ಇತ್ತು. ಒಂದೇ ಹೆಸರಿನದು. ಹೊರಗಿನವರ ಫಾಂಟಂತೂ ಅಲ್ಲವೇ ಅಲ್ಲ, ಇಣುಕಿ ತನ್ನ ಕೈಯಾರೆ ಮಾಡಿದ್ದು.

ಅವಳ ಅಪ್ಪ ಅಂಗಡಿ ಬೋರ್ಡು ಬರೆಯುತ್ತಿದ್ದವನು. ಊರಿನ ಅರ್ಧ ಬೋರ್ಡುಗಳು ಅವನ ಕೈಯವು. ಕೈ ನಡುಗಲು ಶುರುವಾಗಿ ಕುಂಚ ಕೆಳಗಿಟ್ಟ ವರ್ಷ, ಇಣುಕಿ ಏಣಿ ಹೊತ್ತುಕೊಂಡು ಊರೆಲ್ಲ ಸುತ್ತಿ, ಹೊಲಿಗೆ ಅಂಗಡಿ, ಹಲ್ಲಿನ ಆಸ್ಪತ್ರೆ, ಸೈಕಲ್ ಶಾಪು ಎನ್ನದೆ ಬೋರ್ಡುಗಳ ಫೋಟೋ ತೆಗೆದಿದ್ದಳು. ಒಂದೊಂದು ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಗೆರೆಗೆ ಗೆರೆ ಎಳೆದು, ಫಾಂಟು ಮಾಡಿ, ಅದಕ್ಕೆ 'ಅಪ್ಪ' ಎಂದೇ ಹೆಸರಿಟ್ಟಳು. ಮೊದಲ ಪುಟ ಅಚ್ಚು ಹಾಕಿ ತಂದು ತೋರಿಸಿದಾಗ ಅಪ್ಪ ಬಹಳ ಹೊತ್ತು ನೋಡಿ, "ಚೆನ್ನಾಗಿದೆ ಮಗಳೇ" ಎಂದಿದ್ದ. ಆಮೇಲೆ ಎಷ್ಟೋ ಪುಸ್ತಕ ಮಾಡಿದಳು, ಯಾರ್ಯಾರೋ ಹೊಗಳಿದರು. ಆ ಒಂದು ಮಾತಿನ ತೂಕ ಯಾವುದಕ್ಕೂ ಬರಲಿಲ್ಲ. ಯಾರಾದರೂ "ಈ ಫಾಂಟು ಯಾರದ್ದು" ಎಂದು ಕೇಳಿದರೆ, "ನಮ್ಮಪ್ಪನ ಕೈ, ಇದ್ದ ಹಾಗೇ ಇಳಿಸಿದೀನಿ" ಎನ್ನುವಾಗ ಅವಳ ಕುತ್ತಿಗೆ ತಾನಾಗಿಯೇ ಒಂದಂಗುಲ ಉದ್ದವಾಗುತ್ತಿತ್ತು.

ಅತ್ತಿಗೆಯ ಕಂಪ್ಯೂಟರಿನಲ್ಲಿರುವ ಕಾಪಿ ಹೇಗೋ ಕೆಟ್ಟಿದೆ ಎಂದು ತೀರ್ಮಾನಿಸಿ, ತನ್ನ ಫಾಂಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಲ್ಯಾಪ್‌ಟಾಪು ಹೆಗಲಿಗೇರಿಸಿ, ಇಣುಕಿ ಮರುದಿನ ಬೆಳಗಿನ ಬಸ್ಸು ಹತ್ತಿದಳು. ಬರುತ್ತೇನೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತಿಗೆ ಮತ್ತೆ 'ಬಿಡು' ಎನ್ನುತ್ತಾಳೆ.

ಮನೆ ತಲುಪಿದಾಗ ಅತ್ತಿಗೆ ಪ್ರೂಫು ಕೊಡಲು ಪ್ರೆಸ್ಸಿಗೆ ಹೋಗಿದ್ದಳು. ಅಪ್ಪ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮುಂದಿನ ಕೋಣೆಯಲ್ಲಿ ಕಂಪ್ಯೂಟರು ಆನ್ ಆಗಿಯೇ ಇತ್ತು, ಪಶುವೈದ್ಯರ ಪುಸ್ತಕ ತೆರೆದೇ ಇತ್ತು, ಕೆಳಗೆ ಮೂಲೆಯಲ್ಲಿ ನೂರಹದಿನಾರು ಎಂದು ತೋರಿಸುತ್ತಿತ್ತು. ಕಂಪ್ಯೂಟರಿನ ಮುಂದೆ ಎರಡು ಕುರ್ಚಿಗಳಿದ್ದವು. ಒಬ್ಬಳು ಕೆಲಸ ಮಾಡುವ ಜಾಗದಲ್ಲಿ ಎರಡು ಕುರ್ಚಿ ಏಕೆ ಎಂದು ಇಣುಕಿಗೆ ಅನ್ನಿಸಿತಾದರೂ, ಮೊದಲು ಕೈಯಲ್ಲಿದ್ದ ಕೆಲಸ ಮುಗಿಯಲಿ ಎಂದು ಪೆನ್‌ಡ್ರೈವು ಚುಚ್ಚಿದಳು.

'ಅಪ್ಪ' ಎಂಬ ಫಾಂಟು ಈಗಾಗಲೇ ಇದೆ, ಅದನ್ನು ತೆಗೆದು ಇದನ್ನು ಹಾಕಲೇ ಎಂದು ಕಂಪ್ಯೂಟರು ಕೇಳಿತು. ಕಂಪ್ಯೂಟರುಗಳು ದಿನಕ್ಕೆ ನೂರು ಸಲ ಹೀಗೆ ಕೇಳುತ್ತವೆ, ನಾವು ನೂರು ಸಲ ಹೂಂ ಎನ್ನುತ್ತೇವೆ. ಇಣುಕಿಯೂ ಹೂಂ ಅಂದಳು. ಪುಸ್ತಕ ಮುಚ್ಚಿ ಮತ್ತೆ ತೆರೆದಳು. ನೂರಹನ್ನೆರಡು. ಅರವತ್ತೊಂದಕ್ಕೆ ಹೋದಳು. ಒಂಟೆ ತನ್ನ ಹಲ್ಲುನೋವಿನ ಸಮೇತ ಅಲ್ಲೇ ಇತ್ತು. ಅವಳು ಒಬ್ಬಳೇ ಚಪ್ಪಾಳೆ ತಟ್ಟಿದಳು.

ಅತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಇಣುಕಿ ಕೂಗಿ ಹೇಳಿದಳು, "ನೋಡಿ ಅತ್ತಿಗೆ, ನಿಮ್ಮ ಫಾಂಟು ಕೆಟ್ಟು ಕೂತಿತ್ತು. ನಂದು ಹಾಕಿದೆ, ಎಲ್ಲಾ ಸರಿಹೋಯ್ತು."

ಅತ್ತಿಗೆ ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಒಳಗೆ ಬಂದಳು. "ಹಳೇದನ್ನ ಎಲ್ಲಿಟ್ಟೆ?"

"ಎಲ್ಲೂ ಇಡ್ಲಿಲ್ಲ. ಅದರ ಮೇಲೇ ಹಾಕಿದೆ. ಅದೇ ಹೆಸರಲ್ವಾ?"

ಅತ್ತಿಗೆ ಖಾಲಿ ಕುರ್ಚಿಯ ಮೇಲೆ ಕುಕ್ಕರಿಸಿದಳು. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಅದು ಕೆಟ್ಟಿರ್ಲಿಲ್ಲ ಕಣೇ," ಅತ್ತಿಗೆ ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಅದು ಮಾವ ತಿದ್ದಿದ್ದು. ಆರು ವರ್ಷದಿಂದ ದಿನಾ ಮಧ್ಯಾಹ್ನ ಟೀ ಆದ್ಮೇಲೆ ಬಂದು ಇಲ್ಲಿ ಕೂರ್ತಿದ್ರು. ಕೈ ನಡುಗುತ್ತೆ, ಆದ್ರೆ ಬಾಯಿ ನಡುಗಲ್ವಲ್ಲ. ಅವರು ಹೇಳೋದು, ನಾನು ಎಳೆಯೋದು. ಅಕ್ಷರದ ಹೊಟ್ಟೆ ಒಳಗೆ ತಗೋ ಅಂತಾರೆ. ತಲೆಕಟ್ಟಿನ ತುದಿ ಎತ್ತು ಅಂತಾರೆ. ಸಾಕು, ಅರ್ಧ ವಾಪಸ್ ಬಾ ಅಂತಾರೆ. ಒಂದೊಂದು ಅಕ್ಷರಕ್ಕೆ ಒಂದೊಂದು ತಿಂಗಳು ಕೂತಿದೀವಿ. ಈ ಸಲದ ಬೇಸಿಗೆಯಲ್ಲಿ ಮುಗೀತು ಅಂದ್ರು. ಬಣ್ಣದ ಡಬ್ಬ ಮುಚ್ಚಿದ ಹಾಗೆ ಎದ್ದು ಹೋದ್ರು."

"ಇನ್ನೊಂದು ಕಾಪಿ ಇರುತ್ತಲ್ಲ?"

"ಇಲ್ಲ. ಫಾಂಟಿನ ಫೋಲ್ಡರಲ್ಲೇ ತೆಗೆಯೋದು, ತಿದ್ದಿ ಅಲ್ಲೇ ಉಳಿಸೋದು. ಒಂದ್ಸಲ ಬೇರೆ ಹೆಸರಲ್ಲಿ ಒಂದು ಇಡ್ತೀನಿ ಮಾವ ಅಂದಿದ್ದಕ್ಕೆ, ಅಂಗಡಿ ಮೇಲೆ ಬೋರ್ಡು ಒಂದೇ ಇರೋದು, ಹಳೇದರ ಮೇಲೇ ಹೊಸದು ಬರೆಯೋದು ಅಂದ್ರು."

ಬೋರ್ಡು ಬರೆಯುವವರ ಪದ್ಧತಿ ಅದು. ತಗಡು ಒಂದೇ. ತಪ್ಪಿದರೆ ಒರೆಸಿ, ಅದರ ಮೇಲೆಯೇ ಬರೆಯಬೇಕು. ಬರೆದಾದ ಮೇಲೆ ಕೆಳಗೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಆ ಪದ್ಧತಿಯನ್ನು ಮಾವ ಸೊಸೆ ಇಬ್ಬರೂ ಸೇರಿ ಕಂಪ್ಯೂಟರಿಗೆ ತಂದಿದ್ದರು. ಅದರ ಮೇಲೆ ಇಣುಕಿ ಬಂದು ತನ್ನ ತಗಡು ಹೊಡೆದಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?" ಎಂದಳು ಇಣುಕಿ.

"ಹೇಳ್ಬೇಡ ಅಂದಿದ್ರು." ಅತ್ತಿಗೆಯ ಕಣ್ಣಲ್ಲಿ ನೀರು ತುಂಬಿತು. "ಅದು ಬಿಡು. ಈಗ ಕಾಲು ಗಂಟೆ ಕೂತರೆ ಅವರ ಬೆನ್ನು ಬಾಗುತ್ತೆ. ಮತ್ತೆ ಮೊದಲಿಂದ ಮಾಡೋಕೆ ಅವರ ಹತ್ರ ಇನ್ನೊಂದು ಆರು ವರ್ಷ ಇದೆಯಾ?"

ಒಳಗೆ ಅಪ್ಪ ಮಗ್ಗುಲು ಬದಲಿಸಿದ ಸದ್ದು ಕೇಳಿತು. ಇಣುಕಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಆದರೆ ಅವಳ ತಲೆ ಅವಳ ಮಾತು ಕೇಳುವುದಿಲ್ಲ. ಅಷ್ಟು ದುಃಖದ ನಡುವೆಯೂ ಅದು ತನ್ನ ಪಾಡಿಗೆ ಹುಡುಕುತ್ತಿತ್ತು. ಅಳಿಸಿ ಹೋದ ಅಕ್ಷರ ಇನ್ನೆಲ್ಲಿ ಉಳಿದಿರಬಹುದು?

"ಅತ್ತಿಗೆ, ನೀವು ಪ್ರೆಸ್ಸಿಗೆ ಕಳಿಸಿದ ಪಿಡಿಎಫ್‌ಗಳೆಲ್ಲ ಇವೆಯಾ?"

"ಅವು ಎಲ್ಲಾ ಇವೆ. ನಾನು ಅವನ್ನ ಅಳಿಸಲ್ಲ."

"ಹಾಗಾದ್ರೆ ಅಳ್ಬೇಡಿ. ಅಕ್ಷರ ಅದರೊಳಗಿರುತ್ತೆ."

ಪಿಡಿಎಫ್ ಎಂಬುದು ಒಂಥರಾ ಬುತ್ತಿ ಕಟ್ಟಿಕೊಂಡು ಹೊರಟ ಪ್ರಯಾಣಿಕನ ಹಾಗೆ. ಹೋದ ಕಡೆ ಸಿಗುತ್ತದೋ ಇಲ್ಲವೋ ಎಂದು ಬೇಕಾದ ಅಕ್ಷರಗಳನ್ನು ಒಳಗೇ ಇಟ್ಟುಕೊಂಡಿರುತ್ತದೆ. ಆದರೆ ಬಲು ಜುಗ್ಗ. ಆ ಕಾಗದದಲ್ಲಿ ಎಷ್ಟು ಅಕ್ಷರ ಬಳಕೆಯಾಗಿದೆಯೋ ಅಷ್ಟನ್ನೇ ಒಯ್ಯುತ್ತದೆ, ಒಂದೂ ಹೆಚ್ಚಿಗೆ ಇಲ್ಲ. 'ಕ' ಇಲ್ಲದ ಕರಪತ್ರದಲ್ಲಿ 'ಕ' ಸಿಗುವುದಿಲ್ಲ. ಹಾಗಾಗಿ ಅಪ್ಪನ ಇಡೀ ಅಕ್ಷರಮಾಲೆ ಒಂದೇ ಕಡೆ ಸಿಗುವಂತಿರಲಿಲ್ಲ. ಪಶುವೈದ್ಯರ ಪುಸ್ತಕದ್ದೇ ಪೂರ್ತಿ ಪಿಡಿಎಫ್ ಮಾಡಿದ್ದರೆ ಸುಲಭವಿತ್ತು, ಅತ್ತಿಗೆ ಮೊದಲ ಮೂರು ಅಧ್ಯಾಯ ಮಾತ್ರ ಪ್ರೂಫಿಗೆ ಮಾಡಿದ್ದಳು. ಆನೆ, ಆಮೆ, ಒಂಟೆ, ಅಷ್ಟೇ.

ಇಣುಕಿ ಕುರ್ಚಿಯನ್ನು ಅತ್ತಿಗೆಗೆ ಬಿಟ್ಟುಕೊಟ್ಟು, ಮೇಜಿನ ತುದಿಗೆ ಸ್ಟೂಲು ಎಳೆದುಕೊಂಡು ಲ್ಯಾಪ್‌ಟಾಪು ಬಿಚ್ಚಿದಳು. ಅತ್ತಿಗೆ ಪಿಡಿಎಫ್ ತೆರೆದು ಅಕ್ಷರದ ಗೆರೆಗಳನ್ನು ಎತ್ತಿ ಕೊಡುವುದು, ಇಣುಕಿ ಹೊಸ ಫಾಂಟಿನಲ್ಲಿ ಒಂದೊಂದನ್ನೇ ಅದರದರ ಮನೆಯಲ್ಲಿ ಕೂರಿಸುವುದು. ಆನೆಯಿಂದಲೂ ಆಮೆಯಿಂದಲೂ ಮುಕ್ಕಾಲು ಅಕ್ಷರ ಸಿಕ್ಕಿತು. ಉಳಿದದ್ದಕ್ಕೆ, ತೀರ ಈಚಿನ ಕಾಗದಗಳಿಂದ ಹಿಂದಕ್ಕೆ ಹೋಗುತ್ತಾ, ಬೇಟೆ ಶುರುವಾಯಿತು. ಹಲ್ಲಿನ ಡಾಕ್ಟರ ಚೀಟಿಯಲ್ಲಿ 'ಠ' ಇರಲಿಲ್ಲ, ಆದರೆ ಪಾಠಶಾಲೆಯ ವಾರ್ಷಿಕ ವರದಿಯಲ್ಲಿ ಧಾರಾಳವಾಗಿತ್ತು. 'ಘ' ಕ್ಷೌರಿಕರ ಸಂಘದ ಸಭೆಯ ಸೂಚನೆಯಲ್ಲಿ ಸಿಕ್ಕಿತು. 'ಢ' ಎಲ್ಲೂ ಇಲ್ಲವಲ್ಲ ಎಂದು ಇಬ್ಬರೂ ಕೈಚೆಲ್ಲುವಷ್ಟರಲ್ಲಿ, ಯೋಗ ಕಲಿಸುವವರೊಬ್ಬರ ಕರಪತ್ರದಲ್ಲಿ 'ಗಾಢ ನಿದ್ರೆ' ಎಂದು ಕೊಟ್ಟ ಭರವಸೆಯಲ್ಲಿ ಮಲಗಿತ್ತು. ಅತ್ತಿಗೆ ಕೈ ಎತ್ತಿ ಮುಗಿದು, "ಅವರ ನಿದ್ರೆ ಚೆನ್ನಾಗಿರ್ಲಿ" ಎಂದಳು. ಇಬ್ಬರಿಗೂ ನಗು ಬಂತು.

ಹುಡುಕುತ್ತಾ ಹುಡುಕುತ್ತಾ ಇಣುಕಿಗೆ ಇನ್ನೊಂದು ವಿಷಯ ಕಂಡಿತು. ಬೇರೆ ಬೇರೆ ವರ್ಷದ ಕಾಗದಗಳಲ್ಲಿ ಒಂದೇ 'ಕ' ಬೇರೆ ಬೇರೆ ಥರ ಇತ್ತು. ಆರು ವರ್ಷದ ಹಿಂದಿನದು ಇಣುಕಿಯ 'ಕ'. ಐದು ವರ್ಷದ ಹಿಂದೆ ಅದರ ತಲೆಕಟ್ಟಿನ ಎಡತುದಿ ಸ್ವಲ್ಪ ಎದ್ದಿದೆ. ಆಮೇಲೆ ಹೊಟ್ಟೆ ಅಗಲವಾಗಿದೆ. ಆಮೇಲೆ ಸ್ವಲ್ಪವೇ ಸ್ವಲ್ಪ ಇಳಿದಿದೆ. ಸಾಲಾಗಿ ಇಟ್ಟು ನೋಡಿದರೆ ಅಕ್ಷರ ಎಲ್ಲಿಗೋ ಹೊರಟಿರುವುದು ತಿಳಿಯುತ್ತಿತ್ತು. ಅಪ್ಪ ಅದನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಿರಲಿಲ್ಲ, ಯಾವುದೋ ಒಂದು ಗುರಿಯ ಕಡೆ ನಡೆಸಿಕೊಂಡು ಹೋಗಿದ್ದ. ಎಲ್ಲಿಗೆ?

ಅವಳ ಲ್ಯಾಪ್‌ಟಾಪಿನಲ್ಲಿ ಬೋರ್ಡುಗಳ ಹಳೆಯ ಫೋಟೋಗಳಿದ್ದವು. ಸೈಕಲ್ ಶಾಪಿನ 'ಕ' ತೆಗೆದು, ಅದರ ಮೇಲೆ ತನ್ನ 'ಕ'ವನ್ನು ಕೆಂಪಿನಲ್ಲಿ, ಈಗ ಸಿಕ್ಕಿದ ಕಡೆಯ 'ಕ'ವನ್ನು ನೀಲಿಯಲ್ಲಿ ಇಟ್ಟಳು. ನೀಲಿ ಕುಂಚದ ಗುರುತಿನ ಮೇಲೆ ಒಂದು ಕೂದಲೆಳೆ ಆಚೀಚೆ ಇಲ್ಲದೆ ಕೂತಿತು. ಕೆಂಪು ಒಳಗೆ ಸರಿದು ನಿಂತಿತ್ತು. 'ಸ' ಇಟ್ಟಳು, ಹಾಗೇ. 'ಮ' ಇಟ್ಟಳು, ಹಾಗೇ.

ಅಪ್ಪನ ಕುಂಚ ಗೆರೆಯ ಕೊನೆಯಲ್ಲಿ ಒಂದು ಗಳಿಗೆ ನಿಂತು ಮೇಲೇಳುತ್ತಿತ್ತು. ಅಲ್ಲಿ ಬಣ್ಣ ತುಸು ದಪ್ಪ. ಇಣುಕಿ ಅದನ್ನು ಬಣ್ಣ ಹರಿದದ್ದೆಂದು ತಿಳಿದು, ಅಂದವಾಗಿ ಕಾಣಲಿ ಎಂದು ಪ್ರತಿಯೊಂದು ಅಕ್ಷರದಲ್ಲೂ ಸವರಿ ಹಾಕಿದ್ದಳು. ಅಪ್ಪ ಅದನ್ನೇ ಒಂದೊಂದಾಗಿ ವಾಪಸು ತಂದಿದ್ದ. ನಾಲ್ಕು ಪುಟ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳು ಸವರಿ ಬಿಸಾಕಿದ ಕೂದಲೆಳೆಗಳೆಲ್ಲ ಸೇರಿ ಅಷ್ಟಾಗಿತ್ತು.

ಉತ್ತರ ಸಿಕ್ಕಿದಾಗ ಇಣುಕಿಗೆ ಯಾವಾಗಲೂ ಸಂತೋಷವಾಗುತ್ತಿತ್ತು. ಈ ಸಲ ಆಗಲಿಲ್ಲ. ಎಷ್ಟು ಜನರ ಮುಂದೆ 'ಇದ್ದ ಹಾಗೇ ಇಳಿಸಿದೀನಿ' ಎಂದು ಹೇಳಿಕೊಂಡು ಬಂದಿದ್ದಳು! ಅಪ್ಪನಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಚೆನ್ನಾಗಿದೆ ಅಂದ, ಬೆನ್ನ ಹಿಂದೆ ಸೊಸೆಯ ಕೈಲಿ ತಿದ್ದಿಸಿದ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಅತ್ತಿಗೆಯ ಮೇಲೆ ಹೊಟ್ಟೆಕಿಚ್ಚೂ ಬಂತು. ಆ ಎರಡನೇ ಕುರ್ಚಿಯಲ್ಲಿ ಆರು ವರ್ಷ ಅಪ್ಪ ಯಾರ ಪಕ್ಕ ಕೂತಿದ್ದ?

"ಒಂದೇ ಬಾಕಿ," ಎಂದಳು ಅತ್ತಿಗೆ, ಪರದೆಯಿಂದ ಕಣ್ಣು ತೆಗೆಯದೆ. "ಝ. ಯಾವ ಪಿಡಿಎಫಲ್ಲೂ ಇಲ್ಲ ಕಣೇ."

"ಅದಿಲ್ಲದೆ ಆಗಲ್ಲ. ಏಳನೇ ಅಧ್ಯಾಯ ಪೂರ್ತಿ ಝೀಬ್ರಾ."

"ಹಳೇ ಝ ಹೆಂಗಿತ್ತು, ಮಾವ ಅದನ್ನ ಏನು ಮಾಡಿಸಿದ್ರು, ನೆನಪಾಗ್ತಿಲ್ಲ. ಒಂದೊಂದನ್ನ ಎಷ್ಟೆಷ್ಟು ಸಲ ತಿದ್ದಿದೀವೋ."

ಫೋಟೋ ನೋಡಿ ತಾನೇ ಸರಿಯಾಗಿ ಎಳೆಯೋಣ ಎಂದುಕೊಂಡು ಇಣುಕಿ ಹುಡುಕಿದಳು. 'ಝ' ಎಂಬ ಫೋಲ್ಡರು ತೆರೆದರೆ ಖಾಲಿ. ಆಗ ನೆನಪಾಯಿತು. ಅಪ್ಪ ಜೀವನದಲ್ಲಿ ಝ ಬರೆದವನೇ ಅಲ್ಲ. ಯಾವ ಅಂಗಡಿಗೂ ಅದು ಬೇಕಾಗಿರಲಿಲ್ಲ. ಜೆರಾಕ್ಸ್ ಅಂಗಡಿಯವರು ಬಂದರೂ ಜ ಹಾಕಿ ಕಳಿಸುತ್ತಿದ್ದ. ಫಾಂಟಿನಲ್ಲಿ ಒಂದು ಮನೆ ಖಾಲಿ ಬಿಡುವ ಹಾಗಿಲ್ಲವೆಂದು ಅವಳೇ ಒಂದು ಮಧ್ಯಾಹ್ನ, ಎದುರಿಗೆ ಯಾವ ಬೋರ್ಡೂ ಇಲ್ಲದೆ, ಅಪ್ಪ ಬರೆದಿದ್ದರೆ ಹೇಗೆ ಬರೆಯುತ್ತಿದ್ದ ಎಂದು ಊಹಿಸಿಕೊಂಡು ಎಳೆದು ಹಾಕಿದ್ದಳು. ಇಷ್ಟು ನೋಡಿ ನೋಡಿ ಎಳೆದವಕ್ಕೇ ಈ ಗತಿಯಾಗಿದ್ದರೆ, ಊಹೆಯ ಮೇಲೆ ಎಳೆದದ್ದು ಎಷ್ಟು ಕೆಟ್ಟಿರಬೇಕು! ಅಪ್ಪ ಎಲ್ಲಕ್ಕಿಂತ ಹೆಚ್ಚು ತಿಣುಕಿದ್ದು ಅದನ್ನು ತಿದ್ದುವುದಕ್ಕೇ ಇರಬೇಕು. ಅದೇ ಹೋಯಿತು. ಬೇರೆ ದಾರಿಯಿಲ್ಲ, ಹೇಳಲೇಬೇಕು, ಮತ್ತೆ ಒಂದು ತಿಂಗಳು ಆ ಬೆನ್ನು ಬಗ್ಗಿಸಿ ಕೂರಿಸಲೇಬೇಕು.

ಅಪ್ಪ ಎದ್ದು ಬಂದ. ಎರಡೂ ಕೈಯಲ್ಲಿ ಟೀ ಲೋಟ ಹಿಡಿದಿದ್ದರೂ ಅದು ಸಣ್ಣಗೆ ಕುಲುಕುತ್ತಿತ್ತು. ಮಗಳನ್ನು ಕಂಡು ಮುಖ ಅರಳಿತು.

"ಯಾವಾಗ ಬಂದೆ? ಎಬ್ಬಿಸ್ಬಾರದಾ?"

"ಅಪ್ಪಾ, ನಿನ್ನ ಅಕ್ಷರ ಅಳಿಸಿಹಾಕಿದೆ," ಎಂದಳು ಇಣುಕಿ. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಯಾವ ಬೋರ್ಡಿಂದು?"

"ಬೋರ್ಡಲ್ಲ. ಅತ್ತಿಗೆ ಕಂಪ್ಯೂಟರಿಂದು."

ಅಪ್ಪ ಸೊಸೆಯ ಕಡೆ ನೋಡಿದ. "ನಾನು ಹೇಳ್ಲಿಲ್ಲ ಮಾವ," ಅತ್ತಿಗೆ ಅವಸರವಾಗಿ ಎಂದಳು. "ಅವಳೇ ಬಂದು..."

"ನೀನ್ಯಾಕೆ ಹೇಳ್ತೀಯಮ್ಮ. ಇವಳಿಗೆ ಯಾರಾದ್ರೂ ಹೇಳ್ಬೇಕಾ?" ಅಪ್ಪ ಲೋಟವನ್ನು ಮೇಜಿನ ಮೇಲಿಟ್ಟು, ಆ ಎರಡನೇ ಕುರ್ಚಿಯಲ್ಲಿ ಕೂತ. "ಎಲ್ಲಾ ಹೋಯ್ತಾ?"

"ಒಂದು ಬಿಟ್ಟು ಎಲ್ಲಾ ಹುಡುಕಿ ತಂದಿದೀವಿ."

"ಮತ್ತೆ ಮುಖ ಯಾಕೆ ಹಾಗಿಟ್ಟಿದೀಯ?"

"ನೀನು ಯಾಕೆ ನನಗೆ ಹೇಳ್ಲಿಲ್ಲ?" ಇಣುಕಿಯ ದನಿ ಏರಿತು. "ನಾನು ಎಳೆದಿದ್ದು ಸರಿಯಿಲ್ಲ ಅಂತ ಅವತ್ತೇ ಗೊತ್ತಿತ್ತಲ್ಲ? ನಾನು ಇದು ನಮ್ಮಪ್ಪನ ಕೈ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ. ನೀನು ಇಲ್ಲಿ ಕೂತು ಒಂದೊಂದೇ ತಿದ್ದಿಸಿದೆ!"

ಅಪ್ಪ ಲೋಟವನ್ನು ಮೇಜಿನ ಒಳಕ್ಕೆ ಸರಿಸಿದ. "ವರ್ಷವಿಡೀ ಬಿಸಿಲಲ್ಲಿ ಏಣಿ ಹೊತ್ತು, ಕಣ್ಣು ಕೆಂಪು ಮಾಡ್ಕೊಂಡು ತಂದು ತೋರಿಸಿದೆ. ಆ ಮುಖ ನೋಡಿ, ತಲೆಕಟ್ಟು ಸರಿಯಾಗಿಲ್ಲ ಅನ್ನೋಕೆ ನಾನೇನು ಕಲ್ಲಾ?"

"ಆಮೇಲೆ ಹೇಳ್ಬಹುದಿತ್ತು."

"ಆಮೇಲೆ ಹೇಳೋದು ಇನ್ನೂ ಕಷ್ಟ."

ಅದು ನಿಜವೆಂದು ಇಣುಕಿಗೆ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಇಳಿಯಲಿಲ್ಲ.

"ಯಾವುದು ಸಿಕ್ಕಿಲ್ಲ?" ಅಪ್ಪ ಕೇಳಿದ.

"ಝ."

ಅಪ್ಪ ನಕ್ಕುಬಿಟ್ಟ. ಕೆಮ್ಮು ಬರುವಷ್ಟು ನಕ್ಕ. ಅತ್ತಿಗೆ ಎದ್ದು ಬೆನ್ನು ನೀವಬೇಕಾಯಿತು.

"ಅದು ಎಲ್ಲೂ ಹೋಗಿಲ್ಲ," ಎಂದ, ಉಸಿರು ತಿರುಗಿದ ಮೇಲೆ. "ನಿನ್ನ ಫಾಂಟಲ್ಲಿ ಇದೆಯಲ್ಲ, ಅದೇ. ನಾನು ಅದನ್ನ ಮುಟ್ಟೇ ಇಲ್ಲ."

"ಮುಟ್ಟಿಲ್ವಾ?"

"ಹೌದಲ್ಲ!" ಅತ್ತಿಗೆಗೆ ಈಗ ನೆನಪಾಯಿತು. "ಝ ಬಂದಾಗೆಲ್ಲ ಮುಂದೆ ಹೋಗು, ಮುಂದೆ ಹೋಗು ಅಂತಿದ್ರಿ. ಸುಸ್ತಾಗಿದೆ ಅಂದ್ಕೊಂಡಿದ್ದೆ ಮಾವ."

"ಸುಸ್ತೂ ಇಲ್ಲ ಪಸ್ತೂ ಇಲ್ಲ. ತಿದ್ದೋಕೆ ಏನಿತ್ತು ಅದರಲ್ಲಿ?" ಅಪ್ಪ ಮಗಳ ಕಡೆ ತಿರುಗಿದ. "ನಾನು ಯಾವತ್ತು ಝ ಬರೆದಿದ್ದೆ? ಅದು ನನ್ನದಲ್ಲ, ನಿಂದು. ನೋಡ್ಕೊಂಡು ಎಳೆದದ್ದನ್ನೆಲ್ಲ ಕೆಡಿಸಿದೀಯ. ನೋಡದೆ ಎಳೆದದ್ದು ನೆಟ್ಟಗಿದೆ. ನನ್ನ ಕೈಲಿ ಅಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

ಇಣುಕಿ ತನ್ನ ಝವನ್ನು ತಂದು ಹೊಸ ಫಾಂಟಿನಲ್ಲಿ ಕೂರಿಸಿ, ಪುಸ್ತಕದ ಏಳನೇ ಅಧ್ಯಾಯ ತೆರೆದಳು. ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಝೀಬ್ರಾ' ಎಂದಿತ್ತು. ಮೊದಲನೆಯದು ಅವಳದು, ಉಳಿದದ್ದು ಅಪ್ಪನದು. ಝದ ಗುಂಡು ಮೈ ಆರಾಮಾಗಿ ಕೂತಿತ್ತು, ಕೊನೆಯ ಸುರುಳಿ ಒಂದು ಗಳಿಗೆ ನಿಂತು ಮೇಲಕ್ಕೆದ್ದಿತ್ತು. ಇಷ್ಟು ವರ್ಷದಲ್ಲಿ ಆ ಅಕ್ಷರವನ್ನು ಅವಳು ಸರಿಯಾಗಿ ಒಮ್ಮೆಯೂ ನೋಡಿರಲಿಲ್ಲ. ಮೂಲೆಯಲ್ಲಿ ಪುಟಸಂಖ್ಯೆ ಮತ್ತೆ ನೂರಹದಿನಾರಕ್ಕೆ ಹೋಗಿ ನಿಂತಿತ್ತು.

ಅಷ್ಟರಲ್ಲಿ ಪ್ರೆಸ್ಸಿನಿಂದ ಅಣ್ಣನ ಫೋನು ಬಂತು. ಹದಿನಾರು ಹದಿನಾರು ಪುಟದ ಲೆಕ್ಕದಲ್ಲಿ ಮುದ್ರಣವಾಗುವುದರಿಂದ ನೂರಹನ್ನೆರಡಾದರೆ ಸರಿಯಾಗಿ ಕೂರುತ್ತದೆ, ನೂರಹದಿನಾರಾದರೆ ನಾಲ್ಕು ಪುಟ ಅನಾಥವಾಗುತ್ತದೆ ಎಂದು ಅವನು ಬೆಳಗಿನಿಂದ ಹೆಂಡತಿಯ ಜೀವ ತಿನ್ನುತ್ತಿದ್ದ. "ನೂರಹದಿನಾರೇ," ಎಂದಳು ಅತ್ತಿಗೆ ಖಡಾಖಂಡಿತವಾಗಿ. "ಡಾಕ್ಟ್ರಿಗೆ ಹೇಳಿ, ಇನ್ನೊಂದು ಹನ್ನೆರಡು ಪುಟ ಬರ್ಕೊಡ್ತಾರೆ, ನೂರಿಪ್ಪತ್ತೆಂಟಕ್ಕೆ ಕೂರುತ್ತೆ. ಯಾವ ಲೇಖಕರು ಬೇಡ ಅಂದಿದಾರೆ?"

"ಅಂಥದ್ದು ಇನ್ನೆಷ್ಟಿದೆ?" ಅಪ್ಪ ಪರದೆಯ ಮೇಲಿನ ಝ ತೋರಿಸಿ ಮಗಳನ್ನು ಕೇಳಿದ.

"ಎಂಥದ್ದು?"

"ನೋಡದೆ ಬರೆದದ್ದು."

"ಅದೊಂದೇ ಅಪ್ಪ."

"ಒಂದಕ್ಕೇ ಯಾಕೆ ನಿಲ್ಲಿಸಿದೆ?"

ಇಣುಕಿ ಊರಿನವರಿಗೆಲ್ಲ ಪ್ರಶ್ನೆ ಕೇಳಿಕೊಂಡು ಬೆಳೆದವಳು. ಯಾರೂ ಕೇಳಿರಲಿಲ್ಲ ಎನ್ನಬಹುದಿತ್ತು. ಅಪ್ಪನ ಅಕ್ಷರ ಇರುವಾಗ ನನ್ನದ್ಯಾಕೆ ಎನ್ನಬಹುದಿತ್ತು. ಎರಡೂ ನಿಜವೇ. ಹೇಳಲು ಹೊರಟರೆ ಎರಡೂ ನೆಪದ ಹಾಗೆ ಕೇಳಿಸಿದವು. ಅವಳು ಮತ್ತೊಂದು ಹೊಸ ಫಾಂಟು ತೆರೆದಳು. ಸಾಲುಸಾಲಾಗಿ ಖಾಲಿ ಮನೆಗಳು ಬಂದು ನಿಂತವು. ಝದ ಮನೆಯಲ್ಲಿ ಝ ಇಟ್ಟಳು. ಉಳಿದವೆಲ್ಲ ಬೆಳ್ಳಗಿದ್ದವು.

"ಪಕ್ಕದಲ್ಲೇ ಕೂತಿರು ಅಪ್ಪ," ಎಂದಳು. "ಅತ್ತಿಗೆಗೆ ಹೇಳ್ತಿದ್ದ ಹಾಗೆ ನನಗೂ ಹೇಳು."

ಅಪ್ಪ ಎರಡೂ ಕೈಯಿಂದ ಲೋಟ ಎತ್ತಿಕೊಂಡು ಮೆಲ್ಲಗೆ ಎದ್ದ.

"ಇಲ್ಲ ಮಗಳೇ," ಎಂದ. "ನಾನು ಕೂತರೆ ನೀನು ನನ್ನನ್ನ ನೋಡ್ತೀಯ."

ಅವನು ಹೊರಗೆ ಹೋದ. ಅತ್ತಿಗೆ ಖಾಲಿಯಾದ ಕುರ್ಚಿಯನ್ನು ಎತ್ತಿ ಗೋಡೆಯ ಪಕ್ಕ ಇಟ್ಟಳು. ಇಣುಕಿ ಬೋರ್ಡುಗಳ ಫೋಟೋಗಳನ್ನು ಒಂದೊಂದಾಗಿ ಮುಚ್ಚಿ, ಮೌಸಿನ ಮೇಲೆ ಕೈಯಿಟ್ಟಳು.